ಸೀಸವಿಲ್ಲದ ಎಲೆಕ್ಟ್ರೋಸ್ಟ್ರಿಕ್ಟಿವ್ ಸೆರಾಮಿಕ್: ಪುಡಿ ತೂಗುವುದರಿಂದ ಕ್ಯೂ ಲೆಕ್ಕದವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಸೆರಾಮಿಕ್ ಕೆಲಸ ಹಿಡಿದವರಿಗಾಗಿ ಈ ಬರಹ. ಸಿಲಿಕಾನ್ ಕಾರ್ಬೈಡ್ ರಾಡಿನ ಫರ್ನೇಸ್, ಕೈಯಿಂದ ಒತ್ತುವ ಹೈಡ್ರಾಲಿಕ್ ಪ್ರೆಸ್, 10 ಮಿ.ಮೀ. ಡೈ, ಆಸಿಲೋಸ್ಕೋಪ್, ಆಪ್ಟಿಕ್ಸ್ ಲ್ಯಾಬಿನ ಮೈಕೆಲ್ಸನ್ ಇಂಟರ್‌ಫೆರಾಮೀಟರ್, ಇವುಗಳ ಜೊತೆ 3 ಕಿಲೋವೋಲ್ಟಿನ ಒಂದು ಆಂಪ್ಲಿಫಯರ್ ಸಿಕ್ಕರೆ ಸಾಕು. ಲಕ್ಷಗಟ್ಟಲೆ ಬೆಲೆಯ ರೆಡಿಮೇಡ್ ಯಂತ್ರವಿಲ್ಲದೆಯೂ ಎಲೆಕ್ಟ್ರೋಸ್ಟ್ರಿಕ್ಷನ್ ಅಳೆಯಬಹುದು.

ಮೊದಲು ಅಳೆಯುತ್ತಿರುವುದು ಏನನ್ನು ಎಂಬುದು ತಿಳಿದಿರಲಿ. ವಿದ್ಯುತ್ ಕ್ಷೇತ್ರ ಕೊಟ್ಟಾಗ ವಸ್ತುವಿನಲ್ಲಿ ಪೋಲರೈಸೇಶನ್ ಹುಟ್ಟುತ್ತದೆ, ಅದರ ವರ್ಗಕ್ಕೆ ತಕ್ಕಂತೆ ವಸ್ತು ಹಿಗ್ಗುತ್ತದೆ. ಸ್ಟ್ರೇನ್ = ಕ್ಯೂ × ಪಿ². ಇಲ್ಲಿ ಪಿ ಎಂದರೆ ಆ ಪೋಲರೈಸೇಶನ್, ಸ್ಟ್ರೇನ್ ಎಂದರೆ ಮೂಲ ದಪ್ಪದ ಎಷ್ಟು ಪಾಲು ಹಿಗ್ಗಿತು ಎಂಬುದು, ಕ್ಯೂ ಎಂದರೆ ಆ ವಸ್ತುವಿನ ಎಲೆಕ್ಟ್ರೋಸ್ಟ್ರಿಕ್ಷನ್ ಗುಣಾಂಕ. ವರ್ಗ ಇರುವುದರಿಂದ ಪ್ಲಸ್ ಮೈನಸ್ ಅದಲುಬದಲು ಮಾಡಿದರೂ ಹಿಗ್ಗುವುದು ಹಿಗ್ಗುವುದೇ. ಪೀಜೋಎಲೆಕ್ಟ್ರಿಕ್‌ನಲ್ಲಿ ಹಾಗಲ್ಲ, ಅಲ್ಲಿ ದಿಕ್ಕು ತಿರುಗಿದರೆ ಹಿಗ್ಗಿದ್ದು ಕುಗ್ಗುತ್ತದೆ. ಎಲೆಕ್ಟ್ರೋಸ್ಟ್ರಿಕ್ಟಿವ್ ಸೆರಾಮಿಕ್ಕಿಗೆ ಪೋಲಿಂಗ್ (ಮೊದಲೇ ದೊಡ್ಡ ಕ್ಷೇತ್ರ ಕೊಟ್ಟು ಒಂದು ದಿಕ್ಕಿಗೆ ಹದಗೊಳಿಸುವುದು) ಬೇಕಿಲ್ಲ, ಹಿಸ್ಟೆರಿಸಿಸ್ (ಏರುವ ದಾರಿಗೂ ಇಳಿಯುವ ದಾರಿಗೂ ಬೀಳುವ ಅಂತರ) ಕಡಿಮೆ. ನ್ಯಾನೋಮೀಟರ್ ಲೆಕ್ಕದಲ್ಲಿ ಸರಿಸುವ ಆಕ್ಚುಯೇಟರ್‌ಗಳಿಗೆ ಇದನ್ನು ಆರಿಸುವುದು ಅದಕ್ಕೇ. ಹಳೆಯ ದಾರಿ ಲೆಡ್ ಮೆಗ್ನೀಷಿಯಂ ನಯೋಬೇಟ್. ಅದರಲ್ಲಿ ಸೀಸ ತುಂಬಿದೆ, ಫರ್ನೇಸಿನಿಂದ ಏಳುವ ಸೀಸದ ಹೊಗೆ ಲ್ಯಾಬಿನಲ್ಲಿರುವವರಿಗೇ ವಿಷ.

ಬದಲಿ ವಸ್ತುಗಳಲ್ಲಿ ಬೇರಿಯಂ ಜಿರ್ಕೋನೇಟ್ ಟೈಟನೇಟ್ ಒಳ್ಳೆಯದೇ, ಆದರೆ ಅದಕ್ಕೆ 1400 °ಸೆ. ಮುಟ್ಟುವ ಇಲ್ಲವೇ ದಾಟುವ ಫರ್ನೇಸ್ ಬೇಕು. ಪೊಟ್ಯಾಸಿಯಂ ಸೋಡಿಯಂ ನಯೋಬೇಟ್ ತೇವ ಎಳೆದುಕೊಂಡು ಕಾಟ ಕೊಡುತ್ತದೆ. ಹೊಸಬರಿಗೆ ಮೋಲ್ ಲೆಕ್ಕದಲ್ಲಿ ಬಿಸ್ಮತ್ ಸೋಡಿಯಂ ಟೈಟನೇಟ್ (ಬಿಎನ್‌ಟಿ) 70 ಪಾಲು, ಸ್ಟ್ರಾನ್ಷಿಯಂ ಟೈಟನೇಟ್ (ಎಸ್‌ಟಿ) 30 ಪಾಲು ಸೇರಿಸಿದ ಮಿಶ್ರಣವೇ ವಾಸಿ. 1150–1170 °ಸೆ.ನಲ್ಲಿ ಬೇಯುತ್ತದೆ. ಬರೀ ಬಿಎನ್‌ಟಿ ಗಟ್ಟಿ ಫೆರೋಎಲೆಕ್ಟ್ರಿಕ್ (ಕ್ಷೇತ್ರ ತೆಗೆದರೂ ಪೋಲರೈಸೇಶನ್ ಉಳಿಸಿಕೊಳ್ಳುವಂಥದ್ದು), ಅದರ ಲೂಪ್, ಅಂದರೆ ಕ್ಷೇತ್ರಕ್ಕೆ ಎದುರಾಗಿ ಪಿ ಹಾಕಿದ ಗ್ರಾಫ್, ಅಗಲ. ಎಸ್‌ಟಿ ಹೆಚ್ಚಿದಂತೆ ಅದು ರಿಲ್ಯಾಕ್ಸರ್ (ಕ್ಷೇತ್ರ ತೆಗೆದರೆ ಪೋಲರೈಸೇಶನ್ ಬಹುಪಾಲು ಕಳೆದುಕೊಳ್ಳುವಂಥದ್ದು) ಆಗಿ ಲೂಪ್ ತೆಳ್ಳಗಾಗುತ್ತದೆ. ನಮಗೆ ಬೇಕಿರುವುದು ಆ ತೆಳ್ಳಗಿನ ಲೂಪೇ.

ತೂಕ

0.1 ಮೋಲ್ ಬ್ಯಾಚಿಗೆ, ಅಂದರೆ ಸುಮಾರು 20.3 ಗ್ರಾಂ ಸೆರಾಮಿಕ್ಕಿಗೆ:

ಬಿಸ್ಮತ್ ಆಕ್ಸೈಡ್ – 8.154 ಗ್ರಾಂ (1% ಹೆಚ್ಚಿಗೆ ಸೇರಿಸಿದರೆ 8.236)
ಸೋಡಿಯಂ ಕಾರ್ಬೊನೇಟ್ – 1.855 ಗ್ರಾಂ
ಸ್ಟ್ರಾನ್ಷಿಯಂ ಕಾರ್ಬೊನೇಟ್ – 4.429 ಗ್ರಾಂ
ಟೈಟಾನಿಯಂ ಡೈಆಕ್ಸೈಡ್ – 7.987 ಗ್ರಾಂ

ಇವು 100% ಶುದ್ಧತೆಯ ತೂಕಗಳು. ಬಾಟಲಿಯ ಮೇಲೆ 99% ಎಂದಿದ್ದರೆ 0.99ರಿಂದ ಭಾಗಿಸಿ. ತಕ್ಕಡಿ ಕನಿಷ್ಠ 1 ಮಿಲಿಗ್ರಾಂ ತೋರಿಸುವಂಥದ್ದಿರಲಿ.

ಅತಿ ಹೆಚ್ಚು ಬ್ಯಾಚುಗಳು ಕೆಡುವುದು ಸೋಡಿಯಂ ಕಾರ್ಬೊನೇಟಿನಲ್ಲಿ. ಅದು ಗಾಳಿಯ ತೇವ ಹೀರಿ ಮಾನೋಹೈಡ್ರೇಟ್ ಆಗುತ್ತದೆ. ಪೂರ್ತಿ ಹಾಗಾದ ಪುಡಿಯ ತೂಕದಲ್ಲಿ 14.5% ಬರೀ ನೀರು. ತಕ್ಕಡಿಯ ಮೇಲೆ 1.855 ಸರಿಯಾಗಿಯೇ ಕಾಣುತ್ತದೆ, ಸೋಡಿಯಂ ಮಾತ್ರ ಏಳನೇ ಒಂದು ಪಾಲು ಕಡಿಮೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಒಣ ಹವೆ ಕೈ ಹಿಡಿಯುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಭರವಸೆ ಬೇಡ. 250 °ಸೆ.ನಲ್ಲಿ ನಾಲ್ಕು ತಾಸು ಒಣಗಿಸಿ, ಡೆಸಿಕೇಟರಿನಲ್ಲಿ ತಣಿಸಿ, ಹೊರತೆಗೆದ ಕೂಡಲೇ ತೂಗಿ. ಉಳಿದ ಮೂರು ಪುಡಿಗಳಿಗೆ 150 °ಸೆ. ಸಾಕು. ಡೆಸಿಕೇಟರಿನ ಸಿಲಿಕಾ ಜೆಲ್ ಬಣ್ಣ ಬದಲಾಯಿಸಿದ್ದರೆ ಮೊದಲು ಅದನ್ನು ಒಣಗಿಸಿ.

ಬಿಸ್ಮತ್ 1% ಹೆಚ್ಚಿಗೆ ಏಕೆ ಎಂದರೆ, ಬೇಯಿಸುವಾಗ ಬಿಸ್ಮತ್ ಆವಿಯಾಗಿ ಹೋಗುತ್ತದೆ, ಹೋದ ಜಾಗದ ಲೆಕ್ಕ ಸರಿಹೋಗಲು ಆಕ್ಸಿಜನ್ನೂ ಜಾಗ ಖಾಲಿ ಮಾಡುತ್ತದೆ. ಬಿಸ್ಮತ್ ಸ್ವಲ್ಪ ಕಡಿಮೆಯಾದರೂ ಬಿಎನ್‌ಟಿ ಇನ್ಸುಲೇಟರ್ ಆಗಿ ಉಳಿಯದೆ ಆಕ್ಸಿಜನ್ ಅಯಾನುಗಳನ್ನು ಸಾಗಿಸುವ ವಾಹಕವಾಗುತ್ತದೆ ಎಂಬುದು 2014ರಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಫ್ಯೂಯೆಲ್ ಸೆಲ್ಲಿನವರಿಗೆ ಅದು ಸಂತೋಷದ ಸುದ್ದಿ. ನಮಗೆ ಅದರ ಅರ್ಥ ಲೀಕೇಜ್ ಅಷ್ಟೇ.

ಮಿಕ್ಸಿಂಗ್, ಕ್ಯಾಲ್ಸಿನೇಶನ್

ಬಾಲ್ ಮಿಲ್ಲಿನಲ್ಲಿ ಜಿರ್ಕೋನಿಯಾ ಗುಂಡುಗಳ ಜೊತೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಅರೆಯಿರಿ, ಪ್ಲಾನೆಟರಿ ಮಿಲ್ಲಾದರೆ 6 ತಾಸು, ಉರುಳುವ ಜಾರ್ ಆದರೆ 12 ತಾಸಿಗೂ ಮೇಲೆ. ನೀರು ಬೇಡವೇ ಬೇಡ. ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗಿ, ಒಣಗಿಸುವಾಗ ಪಾತ್ರೆಯ ಅಂಚಿಗೆ ಬಿಳಿ ಪಟ್ಟಿಯಾಗಿ ಕೂರುತ್ತದೆ. ಆ ಸೋಡಿಯಂ ನಿಮ್ಮ ಪುಡಿಗೆ ಮತ್ತೆ ಸರಿಯಾಗಿ ಸೇರುವುದಿಲ್ಲ. ಮಿಲ್ ಇಲ್ಲದಿದ್ದರೆ ಅಗೇಟ್ ಖಲ್ಲಿನಲ್ಲಿ ಆಲ್ಕೋಹಾಲ್ ಹಾಕುತ್ತಾ ಅರೆಯಬಹುದು, ಆದರೆ ನಾಲ್ಕೈದು ತಾಸು ನಿಜವಾಗಿ ಅರೆಯಬೇಕು.

ಒಣಗಿಸುವಾಗ ಸುಮ್ಮನೆ ಇಟ್ಟು ಹೋಗಬೇಡಿ. ಬಿಸ್ಮತ್ ಆಕ್ಸೈಡಿನ ಸಾಂದ್ರತೆ 8.9, ಟೈಟಾನಿಯಂ ಡೈಆಕ್ಸೈಡಿನದು ಅದರ ಅರ್ಧಕ್ಕೂ ಕಡಿಮೆ. ಕದಡದೆ ಬಿಟ್ಟರೆ ಹಳದಿ ಪುಡಿ ತಳದಲ್ಲಿ, ಬಿಳಿ ಮೇಲೆ. ಹಾಟ್ ಪ್ಲೇಟಿನ ಮೇಲೆ ಗಟ್ಟಿಯಾಗುವವರೆಗೂ ಕದಡುತ್ತಿರಿ. ಆಲ್ಕೋಹಾಲ್ ಆವಿಗೆ ಬೆಂಕಿ ತಗಲುತ್ತದೆ, ಆದ್ದರಿಂದ ತೆರೆದ ಕಾಯಿಲ್ ಸ್ಟೌ ಬಳಸಬೇಡಿ.

ಒಣಗಿದ ಪುಡಿಯನ್ನು ಅಲ್ಯುಮಿನಾ ಕ್ರೂಸಿಬಲ್‌ಗೆ ಸಡಿಲವಾಗಿ ತುಂಬಿ, ಮುಚ್ಚಳ ಹಾಕಿ, 850 °ಸೆ.ನಲ್ಲಿ 3 ತಾಸು ಇಡಿ. ಪುಡಿಗಳು ಪ್ರತಿಕ್ರಿಯಿಸಿ ಒಂದಾಗುವ ಈ ಹಂತವೇ ಕ್ಯಾಲ್ಸಿನೇಶನ್. 750ರವರೆಗೆ ನಿಮಿಷಕ್ಕೆ 5 ಡಿಗ್ರಿ, ಅಲ್ಲಿಂದ ಮುಂದೆ 2 ಡಿಗ್ರಿ. ಬಿಸ್ಮತ್ ಆಕ್ಸೈಡ್ 817 °ಸೆ.ಗೇ ಕರಗುತ್ತದೆ. ಅಷ್ಟರೊಳಗೆ ಅದು ಬೇರೆಯವುಗಳ ಜೊತೆ ಬೆರೆತು ಪ್ರತಿಕ್ರಿಯಿಸಿರಬೇಕು, ಇಲ್ಲದಿದ್ದರೆ ಕರಗಿದ್ದು ಗಂಟುಕಟ್ಟುತ್ತದೆ. ಪ್ಲಾಟಿನಂ ಪಾತ್ರೆ ಬಳಸಬೇಡಿ, ಬಿಸ್ಮತ್ ಅದನ್ನು ತಿನ್ನುತ್ತದೆ. ಹಿಂದೆ ಪಿಜೆಡ್‌ಟಿ (ಸೀಸವಿರುವ ಪೀಜೋ ಸೆರಾಮಿಕ್) ಬೇಯಿಸಿದ ಕ್ರೂಸಿಬಲ್ಲೂ ಬೇಡ, ಗೋಡೆ ಹೀರಿಕೊಂಡ ಸೀಸ ನಿಮ್ಮ “ಸೀಸವಿಲ್ಲದ” ಪುಡಿಗೆ ಬರುತ್ತದೆ.

ತಣಿದ ಮೇಲೆ ತೂಗಿ. ಕಾರ್ಬೊನೇಟುಗಳು ಪೂರ್ತಿ ಒಡೆದಿದ್ದರೆ ತೂಕ 9.3% ಇಳಿದಿರಬೇಕು. 8% ಮಾತ್ರ ಇಳಿದಿದ್ದರೆ ಕಾರ್ಬೊನೇಟ್ ಇನ್ನೂ ಉಳಿದಿದೆ, ಅರೆದು ಮತ್ತೊಮ್ಮೆ ಇಡಿ. 11% ಇಳಿದಿದ್ದರೆ ಪುಡಿಯಲ್ಲಿ ಮೊದಲೇ ನೀರಿತ್ತು ಇಲ್ಲವೇ ಚೆಲ್ಲಿದೆ. ಎಕ್ಸ್‌ಆರ್‌ಡಿಗೆ (ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆಗೆ) ಸಾಲು ಹಚ್ಚುವ ಮೊದಲೇ ಐದು ನಿಮಿಷದಲ್ಲಿ ಸಿಗುವ ಉತ್ತರವಿದು.

ಎಕ್ಸ್‌ಆರ್‌ಡಿಯಲ್ಲಿ, ತಾಮ್ರದ ಟ್ಯೂಬಾದರೆ, ದೊಡ್ಡ ಪೀಕ್ 32.4° ಹತ್ತಿರ, ಇನ್ನೆರಡು 40.0° ಮತ್ತು 46.5° ಹತ್ತಿರ ಬರಬೇಕು, ಮೂರೂ ಒಡೆಯದೆ ಇರಬೇಕು. 30° ಸುತ್ತ ಸಣ್ಣ ಪೀಕ್ ಎದ್ದರೆ ಬಿಸ್ಮತ್ ಟೈಟನೇಟ್ ಬೇರೆಯಾಗಿ ಕೂತಿದೆ, 25.3° ಅಥವಾ 27.4° ಎಂದರೆ ಪ್ರತಿಕ್ರಿಯಿಸದ ಟೈಟಾನಿಯಂ ಡೈಆಕ್ಸೈಡ್. ಎಸ್‌ಟಿ ಬೆರೆಯದೆ ಉಳಿದರೆ ಮಾತ್ರ ಎಕ್ಸ್‌ಆರ್‌ಡಿ ಹೇಳುವುದಿಲ್ಲ, ಅದರ ಪೀಕುಗಳು ಇದೇ ಜಾಗದಲ್ಲಿ ಬಿದ್ದು ಮುಚ್ಚಿಹೋಗುತ್ತವೆ. ಹಾಗಾಗಿ ಒಮ್ಮೆ ಅರೆದು ಎರಡನೇ ಸಲ 850ಕ್ಕೆ ಇಡುವುದು ಜಾಣತನ.

ಪೆಲೆಟ್

5 ಗ್ರಾಂ ಪಿವಿಎಯನ್ನು (ಪಾಲಿವಿನೈಲ್ ಆಲ್ಕೋಹಾಲ್ ಎಂಬ ಅಂಟು) 100 ಮಿ.ಲೀ. ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಕದಡುತ್ತಾ ಕರಗಿಸಿ. ಐದು ಗ್ರಾಂ ಪುಡಿಗೆ ಈ ದ್ರಾವಣ 2 ಮಿ.ಲೀ., ಅಂದರೆ 2% ಬೈಂಡರ್. ಅರೆದು, ಅರೆಬರೆ ಒಣಗಿದಾಗ ಜರಡಿಗೆ ಒತ್ತಿ, ಸಣ್ಣ ರವೆಯಂಥ ಹರಳು ಮಾಡಿಕೊಳ್ಳಿ. ನುಣ್ಣಗಿನ ಪುಡಿಯನ್ನೇ ಡೈಗೆ ಸುರಿದರೆ ಒಳಗೆ ಗಾಳಿ ಸಿಕ್ಕಿ ಪೆಲೆಟ್ಟಿನ ತಲೆ ಟೊಪ್ಪಿಗೆಯಂತೆ ಬಿಟ್ಟುಕೊಳ್ಳುತ್ತದೆ.

ಒಂದು ಪೆಲೆಟ್ಟಿಗೆ 0.3 ಗ್ರಾಂ. 10 ಮಿ.ಮೀ. ಡೈ ಮೇಲೆ ಗೇಜಿನ 1.5 ಟನ್ ಎಂದರೆ ಸುಮಾರು 187 ಮೆಗಾಪಾಸ್ಕಲ್, ಅಷ್ಟು ಸಾಕು. ಎರಡು ನಿಮಿಷ ಹಿಡಿದು ನಿಧಾನಕ್ಕೆ ಬಿಡಿ. ಹೆಚ್ಚು ಒತ್ತಿದರೆ ಹೆಚ್ಚು ಗಟ್ಟಿ ಎಂದು 4 ಟನ್ ಏರಿಸುವವರಿದ್ದಾರೆ, ಸಿಗುವುದು ಅಡ್ಡ ಬಿರುಕು.

ಬೈಂಡರ್ ಸುಡಲು 600 °ಸೆ.ವರೆಗೆ ನಿಮಿಷಕ್ಕೆ 1 ಡಿಗ್ರಿ, ಅಲ್ಲಿ 2 ತಾಸು. ಈ ಹಂತದಲ್ಲಿ ಮುಚ್ಚಳ ತೆರೆದಿರಲಿ. ಆಮೇಲೆ ಅದೇ ಮಿಶ್ರಣದ ಕ್ಯಾಲ್ಸೈನ್ ಆದ ಪುಡಿಯಲ್ಲಿ ಪೆಲೆಟ್ಟುಗಳನ್ನು ಪೂರ್ತಿ ಹೂತು, ಕ್ರೂಸಿಬಲ್ ಮುಚ್ಚಿ, ಅದರ ಮೇಲೆ ದೊಡ್ಡ ಕ್ರೂಸಿಬಲ್ ಬೋರಲು ಹಾಕಿ. ಸುತ್ತಲಿನ ಪುಡಿಯಿಂದಲೇ ಬಿಸ್ಮತ್ ಆವಿ ತುಂಬುವುದರಿಂದ ಪೆಲೆಟ್ಟಿನದು ಒಳಗೇ ಉಳಿಯುತ್ತದೆ. 1160 °ಸೆ., 2 ತಾಸು, ಏರಿಳಿತ ನಿಮಿಷಕ್ಕೆ 5 ಡಿಗ್ರಿ. ಪೆಲೆಟ್ ಕ್ರೂಸಿಬಲ್ ತಳಕ್ಕೆ ಅಂಟಿ ಅಂಚು ಹಸಿರು-ಕಂದು ಆಗಿದ್ದರೆ ಶಾಖ ಜಾಸ್ತಿಯಾಗಿದೆ, 10 ಡಿಗ್ರಿ ಇಳಿಸಿ.

ಕರೆಂಟಿನ ಮಾತು ಇಲ್ಲೇ ಆಗಲಿ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ರಾಡುಗಳ ಶಕ್ತಿ 68%ಕ್ಕೆ ಇಳಿಯುತ್ತದೆ. ಕಂಟ್ರೋಲರ್ ಡಿಸ್‌ಪ್ಲೇ 1160 ಗುರಿ ತೋರಿಸುತ್ತಾ ಕೂತಿರುತ್ತದೆ, ಫರ್ನೇಸ್ ಮಾತ್ರ 1100 ದಾಟದೆ ತೆವಳುತ್ತಿರುತ್ತದೆ. ಹಾಗಾಗಿ ಶಾಖ ಗುರಿ ಮುಟ್ಟಿದ ಮೇಲೆಯೇ ಎರಡು ತಾಸು ಎಣಿಸಲು ಶುರು ಮಾಡುವ ಸೆಟ್ಟಿಂಗ್ ಹಾಕಿ. ಕರೆಂಟ್ ಹೋಗಿ ಬಂದಾಗ ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೋ ನಿಂತಲ್ಲಿಂದ ಮುಂದುವರಿಯುತ್ತದೋ ಎಂದು ಖಾಲಿ ಫರ್ನೇಸಿನಲ್ಲಿ ಒಮ್ಮೆ ನೋಡಿಕೊಳ್ಳಿ. 900ರ ಕೆಳಗೆ ಕರೆಂಟ್ ಹೋದರೆ ಹಾನಿಯಿಲ್ಲ. 1160ರಲ್ಲಿ ಹೋಗಿ ಮತ್ತೆ ಏರಿಸಿದರೆ ಬಿಸ್ಮತ್ ಎರಡು ಸಲ ಹೋದಂತೆ. ಆ ಪೆಲೆಟ್ಟುಗಳನ್ನು ಬೇರೆ ಡಬ್ಬಿಗೆ ಹಾಕಿ ಗುರುತು ಬರೆದಿಡಿ.

ಬೆಂದ ಪೆಲೆಟ್ಟಿನ ವ್ಯಾಸ ಸುಮಾರು 8.5 ಮಿ.ಮೀ., ದಪ್ಪ ಒಂದು ಮಿ.ಮೀ. ಆಸುಪಾಸು. ಸಾಂದ್ರತೆಯನ್ನು ಆರ್ಕಿಮಿಡೀಸ್ ವಿಧಾನದಲ್ಲಿ ಅಳೆಯಿರಿ. ಲೆಕ್ಕದ ಪೂರ್ಣ ಸಾಂದ್ರತೆ ಸುಮಾರು 5.7, ನಿಮಗೆ 5.4ಕ್ಕಿಂತ ಮೇಲೆ ಬರಬೇಕು. ಬೋರ್‌ವೆಲ್ ನೀರು ಬೇಡ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ನಡೆಯುತ್ತದೆ. ನೀರಿನ ಸಾಂದ್ರತೆ 25 °ಸೆ.ನಲ್ಲಿ 0.997, 35ರಲ್ಲಿ 0.994, ಅಂದಿನ ಶಾಖದ್ದನ್ನೇ ಹಾಕಿ. 5.4 ಮುಟ್ಟದ ಪೆಲೆಟ್ಟಿಗೆ ಹೈವೋಲ್ಟೇಜ್ ಕೊಡಬೇಡಿ. ತೂತಿನೊಳಗಿನ ಗಾಳಿ ಮೊದಲು ಸಿಡಿಯುತ್ತದೆ, ಪೆಲೆಟ್ ಸುಟ್ಟು ಕರಿ ಚುಕ್ಕೆ ಬೀಳುತ್ತದೆ.

5.4 ದಾಟಿದ ಪೆಲೆಟ್ಟನ್ನು ಗಾಜಿನ ಹಲಗೆಯ ಮೇಲೆ ಹಾಸಿದ ಪೇಂಟ್ ಅಂಗಡಿಯ 600, ಆಮೇಲೆ 1000 ನಂಬರ್ ವಾಟರ್ ಪೇಪರಿನಲ್ಲಿ 0.50 ಮಿ.ಮೀ.ಗೆ ತಿಕ್ಕಿ. ಎರಡೂ ಮುಖಕ್ಕೆ ಸಿಲ್ವರ್ ಪೇಸ್ಟ್, ಸುತ್ತಲೂ 1 ಮಿ.ಮೀ. ಅಂಚು ಬಿಟ್ಟು. 6.5 ಮಿ.ಮೀ. ತೂತಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಾಗಿ ಬಳಸಿದರೆ ಮೇಲೆ ಕೆಳಗೆ ಒಂದೇ ಅಳತೆ ಬರುತ್ತದೆ. 600 °ಸೆ.ನಲ್ಲಿ ಅರ್ಧ ತಾಸು ಕಾಯಿಸಿ. ತಿಕ್ಕುವಾಗ ಮೇಲ್ಮೈಯಲ್ಲಿ ಸೇರಿದ ಒತ್ತಡವೂ ಆಗ ಇಳಿಯುತ್ತದೆ.

ಪಿ ಅಳೆಯುವುದು

ಸಾಯರ್ ಮತ್ತು ಟವರ್ 1930ರಲ್ಲಿ ರೋಶೆಲ್ ಉಪ್ಪಿನ ಮೇಲೆ ಬಳಸಿದ ಸರ್ಕ್ಯೂಟೇ ಇಂದಿಗೂ ನಡೆಯುತ್ತದೆ. ಪೆಲೆಟ್ಟಿನ ಜೊತೆ ಸೀರೀಸಿನಲ್ಲಿ ಒಂದು ದೊಡ್ಡ ಕೆಪಾಸಿಟರ್, ಅದರ ಮೇಲಿನ ವೋಲ್ಟೇಜ್ ಅಳೆದರೆ ಚಾರ್ಜ್ ಗೊತ್ತಾಗುತ್ತದೆ. ಎಲೆಕ್ಟ್ರೋಡ್ ವ್ಯಾಸ 6.5 ಮಿ.ಮೀ. ಎಂದರೆ ವಿಸ್ತೀರ್ಣ 0.332 ಚದರ ಸೆಂ.ಮೀ. ಪಿ ಪ್ರತಿ ಚದರ ಸೆಂ.ಮೀ.ಗೆ 25 ಮೈಕ್ರೋಕೂಲಂಬ್ ಎಂದುಕೊಂಡರೆ ಚಾರ್ಜ್ 8.3 ಮೈಕ್ರೋಕೂಲಂಬ್, 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೆ 8.3 ವೋಲ್ಟ್. ಸ್ಕೋಪಿಗೆ ಹೇಳಿ ಮಾಡಿಸಿದಂತಿದೆ. ಆ ಕೆಪಾಸಿಟರ್ ಪಾಲಿಪ್ರೊಪಿಲೀನ್ ಫಿಲ್ಮಿನದ್ದಾಗಿರಲಿ. ಅಗ್ಗದ ಸೆರಾಮಿಕ್ ಕೆಪಾಸಿಟರಿನ ಒಳಗಿರುವುದೂ ಬೇರಿಯಂ ಟೈಟನೇಟೇ, ವೋಲ್ಟೇಜ್ ಏರಿದಂತೆ ಅದರ ಬೆಲೆ ಬದಲಾಗಿ ನೀವು ಅಳೆದದ್ದು ಯಾರ ಲೂಪ್ ಎಂಬುದೇ ಗೊತ್ತಾಗುವುದಿಲ್ಲ.

ಈಗ ಬಹಳ ಜನ ಎಡವುವ ಜಾಗ. ಸ್ಕೋಪಿನ ಇನ್‌ಪುಟ್ 1 ಮೆಗಾಓಮ್. 1 ಮೈಕ್ರೋಫ್ಯಾರಡ್ ಜೊತೆ ಅದರ ಕಾಲಮಾನ 1 ಸೆಕೆಂಡ್. 1 ಹರ್ಟ್ಜ್‌ನಲ್ಲಿ ಲೂಪ್ ತೆಗೆದರೆ ಕೆಪಾಸಿಟರಿನ ಚಾರ್ಜ್ ಸ್ಕೋಪಿನ ಮೂಲಕವೇ ಸೋರಿ 9 ಡಿಗ್ರಿ ಫೇಸ್ ವ್ಯತ್ಯಾಸ ಬೀಳುತ್ತದೆ. ತೆಳ್ಳಗಿರಬೇಕಾದ ಲೂಪ್ ಉಬ್ಬುತ್ತದೆ, ನೋಡಿದವರು “ಫೆರೋಎಲೆಕ್ಟ್ರಿಕ್ ಆಗಿದೆ, ಎಸ್‌ಟಿ ಹೆಚ್ಚಿಸಬೇಕು” ಎಂದು ಹೊಸ ಬ್ಯಾಚಿಗೆ ಹೊರಡುತ್ತಾರೆ. 10× ಪ್ರೋಬ್ ಹಾಕಿ, ಇನ್‌ಪುಟ್ 10 ಮೆಗಾಓಮ್ ಆಗುತ್ತದೆ, ವ್ಯತ್ಯಾಸ 0.9 ಡಿಗ್ರಿಗೆ ಇಳಿಯುತ್ತದೆ. ಪರೀಕ್ಷೆ ಸುಲಭ: ಪೆಲೆಟ್ಟಿನ ಜಾಗದಲ್ಲಿ 1 ನ್ಯಾನೋಫ್ಯಾರಡಿನ, ನಿಮ್ಮ ವೋಲ್ಟೇಜ್ ತಡೆಯುವ ಫಿಲ್ಮ್ ಕೆಪಾಸಿಟರ್ ಇಟ್ಟು ನೋಡಿ. ಗೆರೆ ಬರಬೇಕು. ಲೂಪ್ ಬಂದರೆ ತಪ್ಪು ಸರ್ಕ್ಯೂಟಿನಲ್ಲಿದೆ.

ಅರ್ಧ ಮಿ.ಮೀ. ದಪ್ಪಕ್ಕೆ ಸೆಂ.ಮೀ.ಗೆ 60 ಕಿಲೋವೋಲ್ಟ್ ಬೇಕಾದರೆ 3 ಕಿಲೋವೋಲ್ಟ್, ಅದೂ ಪೀಕ್. ಮೀಟರ್ ಆರ್‌ಎಂಎಸ್ ತೋರಿಸುತ್ತಿದ್ದರೆ 2.12ಕ್ಕೇ ನಿಲ್ಲಿಸಿ. 1 ಹರ್ಟ್ಜ್‌ನಲ್ಲಿ ಕರೆಂಟ್ ಪೀಕ್ ಸುಮಾರು 50 ಮೈಕ್ರೋಆಂಪಿಯರ್, ಆದ್ದರಿಂದ 1 ಮಿಲಿಆಂಪಿಯರ್ ಮಿತಿಯ ಸಣ್ಣ ಆಂಪ್ಲಿಫಯರ್ ಸಾಕು. ಪೆಲೆಟ್ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿರಬೇಕು, ಗಾಳಿ ಸೆಂ.ಮೀ.ಗೆ 30 ಕಿಲೋವೋಲ್ಟಿಗೇ ಒಡೆಯುತ್ತದೆ. ಅರ್ಧ ಕಿಲೋವೋಲ್ಟ್ ಮೆಟ್ಟಿಲಿನಲ್ಲಿ ಏರಿಸಿ. ಸಪ್ಲೈ ಆಫ್ ಮಾಡಿದ ಮೇಲೂ ಅರ್ಥಿಂಗ್ ಕೋಲಿನಿಂದ ಎರಡೂ ತುದಿ ಮುಟ್ಟಿಸದೆ ಕೈ ಹಾಕಬೇಡಿ, ಲ್ಯಾಬಿನಲ್ಲಿ ಒಬ್ಬರೇ ಇರುವಾಗ ಈ ಕೆಲಸವೇ ಬೇಡ.

ಲೂಪಿನ ತುದಿ ಚೂಪಾಗಿರದೆ ಗುಂಡಗಿದ್ದರೆ ಲೀಕೇಜ್, ಅಂದರೆ ಬಿಸ್ಮತ್ ಹೋಗಿದೆ ಇಲ್ಲವೇ ಅಂಚಿನಲ್ಲಿ ಬೆಳ್ಳಿ ಒರೆಸಿಕೊಂಡಿದೆ. ಅಂಚನ್ನು ತಿಕ್ಕಿ ಅಸಿಟೋನಿನಲ್ಲಿ ತೊಳೆದು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಆ ಪೆಲೆಟ್ ಬಿಡಿ.

ಪಿ ಬಗ್ಗೆ ಇಷ್ಟು ಎಳೆದಾಡಲು ಕಾರಣವಿದೆ. ಕ್ಯೂ = ಸ್ಟ್ರೇನ್ ÷ ಪಿ². ಪಿಯಲ್ಲಿ ವಿಸ್ತೀರ್ಣ ಇದೆ, ವಿಸ್ತೀರ್ಣದಲ್ಲಿ ವ್ಯಾಸದ ವರ್ಗ ಇದೆ, ಹಾಗಾಗಿ ಕ್ಯೂ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 6.5 ಇರುವ ಎಲೆಕ್ಟ್ರೋಡನ್ನು 6.3 ಎಂದು ಬರೆದರೆ ಕ್ಯೂ 12% ಕಡಿಮೆ ಬರುತ್ತದೆ. ಎರಡು ಮಿಶ್ರಣಗಳ ನಡುವೆ ವ್ಯತ್ಯಾಸ ಕಂಡೆವು ಎಂದು ಬರೆಯುವ ಎಷ್ಟೋ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಕಂಡಿರುವುದು ಇಷ್ಟೇ ಇರಬಹುದು. ಎಲೆಕ್ಟ್ರೋಡಿನ ವ್ಯಾಸವನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ, ನಾಲ್ಕು ದಿಕ್ಕಿನಲ್ಲಿ, ಎರಡೂ ಮುಖದಲ್ಲಿ ಅಳೆಯಿರಿ.

ಸ್ಟ್ರೇನ್ ಅಳೆಯುವುದು

ಹಿಗ್ಗುವುದು ಅರ್ಧದಿಂದ ಒಂದು ಮೈಕ್ರಾನ್ ಒಳಗೆ. ಡಯಲ್ ಗೇಜಿಗೆ ಅದು ನಿಲುಕದು. ಹೀಲಿಯಂ-ನಿಯಾನ್ ಲೇಸರ್ ಹಾಕಿದ ಮೈಕೆಲ್ಸನ್‌ನಲ್ಲಿ ಒಂದು ಫ್ರಿಂಜ್ ಸರಿದರೆ 316.4 ನ್ಯಾನೋಮೀಟರ್, ತರಂಗದೂರ 632.8ರ ಅರ್ಧ. ಒಂದು ಕಿರಣವನ್ನು 45° ಕನ್ನಡಿಯಿಂದ ಕೆಳಕ್ಕೆ ತಿರುಗಿಸಿ, ಪೆಲೆಟ್ಟಿನ ಮೇಲೆ 5 ಮಿ.ಮೀ. ಗಾಜಿನ ತುಂಡಿನ ತುದಿಗೆ ಅಂಟಿಸಿದ ಪುಟ್ಟ ಕನ್ನಡಿಗೆ ಬೀಳಿಸಿ. ಕನ್ನಡಿ ಎಣ್ಣೆಯ ಮೇಲಿರಲಿ. ಪೆಲೆಟ್ ಟೆಫ್ಲಾನ್ ಬಟ್ಟಲಿನಲ್ಲಿ, ಕೆಳಗೆ ಒಂದು ಬೇರಿಂಗ್ ಗುಂಡು, ಹೈವೋಲ್ಟೇಜ್ ಆ ಗುಂಡಿಗೆ. ಮೇಲಿನ ಮುಖದಿಂದ ಕೆಪಾಸಿಟರಿಗೆ ಹೋಗುವ ತಂತಿ ಕೂದಲೆಳೆಯಷ್ಟು ಸಣ್ಣ, ಸಡಿಲ. ದಪ್ಪ ತಂತಿ ಪೆಲೆಟ್ಟನ್ನೇ ಎಳೆಯುತ್ತದೆ.

ಅಲುಗಾಟಕ್ಕೆ ಹೊರಗಿನಿಂದ ಆಪ್ಟಿಕಲ್ ಟೇಬಲ್ ತರಿಸುವ ಮೊದಲು ಶಹಾಬಾದಿನ ದಪ್ಪ ಫರಸಿ ಕಲ್ಲೊಂದನ್ನು ಅರೆಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಇಟ್ಟು ನೋಡಿ. ಕಲ್ಲು ಭಾರವಿದ್ದಷ್ಟೂ ಫ್ರಿಂಜ್ ನಿಲ್ಲುತ್ತದೆ. ಫ್ಯಾನ್ ಆಫ್ ಆಗಿರಲೇಬೇಕು. ಮೇ ತಿಂಗಳಲ್ಲಿ ಅದು ಶಿಕ್ಷೆಯೇ ಸರಿ, ಆದ್ದರಿಂದ ಬೆಳಗಿನ ಆರಕ್ಕೆ ಬಂದು ಅಳೆಯಿರಿ. ರಸ್ತೆಯಲ್ಲಿ ಲಾರಿ ಓಡಾಟವೂ ಆಗ ಕಡಿಮೆ.

ಲೂಪ್ ತೆಗೆದ ಅದೇ 1 ಹರ್ಟ್ಜ್ ಸೈನ್ ವೋಲ್ಟೇಜ್ ಕೊಟ್ಟು, ಫ್ರಿಂಜ್ ನಡುವೆ ಫೋಟೋಡಯೋಡ್ ಇಟ್ಟು ಸ್ಕೋಪಿನ ಎರಡನೇ ಚಾನೆಲ್ಲಿಗೆ ಹಾಕಿ. ವೋಲ್ಟೇಜಿನ ಒಂದು ಸುತ್ತಿಗೆ ಫ್ರಿಂಜುಗಳು ಎರಡು ಸಲ ಹೋಗಿ ಬರಬೇಕು, ಎರಡೂ ಸಲ ಒಂದೇ ಅಚ್ಚು. ಪ್ಲಸ್ ಅರ್ಧದಲ್ಲಿ ಹೆಚ್ಚು, ಮೈನಸ್ ಅರ್ಧದಲ್ಲಿ ಕಡಿಮೆ ಎಂದರೆ ಪೆಲೆಟ್ಟಿನಲ್ಲಿ ಪೀಜೋ ಅಂಶ ಉಳಿದಿದೆ. ಆಮೇಲೆ ಪೆಲೆಟ್ಟನ್ನು ತಿರುವಿಹಾಕಿ ಮತ್ತೆ ಅಳೆಯಿರಿ. ಸಂಖ್ಯೆ ಬದಲಾದರೆ ಅದು ಹಿಗ್ಗುತ್ತಿರುವುದಷ್ಟೇ ಅಲ್ಲ, ಬಾಗುತ್ತಲೂ ಇದೆ: ಎರಡು ಮುಖ ಸಮಾಂತರವಾಗಿಲ್ಲ, ಇಲ್ಲವೇ ಎಲೆಕ್ಟ್ರೋಡುಗಳು ಒಂದರ ಮೇಲೊಂದು ಕೂತಿಲ್ಲ.

ಒಂದು ಲೆಕ್ಕ. ಫ್ರಿಂಜ್ 2.2 ಸರಿದರೆ 696 ನ್ಯಾನೋಮೀಟರ್. 0.50 ಮಿ.ಮೀ.ನಿಂದ ಭಾಗಿಸಿದರೆ ಸ್ಟ್ರೇನ್ 0.00139, ಅಂದರೆ 0.14%. ಪಿ ಪ್ರತಿ ಚದರ ಸೆಂ.ಮೀ.ಗೆ 25 ಮೈಕ್ರೋಕೂಲಂಬ್ ಎಂದಿದ್ದರೆ ಅದು ಪ್ರತಿ ಚದರ ಮೀಟರಿಗೆ 0.25 ಕೂಲಂಬ್, ವರ್ಗ 0.0625. ಕ್ಯೂ = 0.022, ಘಟಕ ಮೀ⁴/ಕೂಲಂಬ್². ಬಿಎನ್‌ಟಿ ಜಾತಿಯವಕ್ಕೆ 0.02ರಿಂದ 0.03 ಎಂಬುದು ನಂಬುವಂಥ ಬೆಲೆ, ಲೆಡ್ ಮೆಗ್ನೀಷಿಯಂ ನಯೋಬೇಟಿನದ್ದೂ ಹೆಚ್ಚುಕಡಿಮೆ ಇಷ್ಟೇ. ಹತ್ತಾರು ಪಟ್ಟು ಹೆಚ್ಚು ಬಂದರೆ ಹೊಸದೇನೋ ಕಂಡುಹಿಡಿದಿರಿ ಎಂದು ಹಿಗ್ಗುವ ಮೊದಲು ಘಟಕ ನೋಡಿ.

ಒಂದೇ ಬಿಂದುವಿನಿಂದ ಕ್ಯೂ ತೆಗೆಯಬೇಡಿ. ಸೆಂ.ಮೀ.ಗೆ 20, 30, 40, 50, 60 ಕಿಲೋವೋಲ್ಟುಗಳಲ್ಲಿ ಸ್ಟ್ರೇನ್ ಮತ್ತು ಪಿ² ಜೋಡಿ ಅಳೆದು ಗ್ರಾಫ್ ಹಾಕಿ, ಇಳಿಜಾರೇ ಕ್ಯೂ. ಕ್ಯೂ ಶಾಖಕ್ಕೆ ಹೆಚ್ಚು ಅಲುಗುವುದಿಲ್ಲ, ಆದರೆ ಅದೇ ವೋಲ್ಟೇಜಿಗೆ ಬರುವ ಪಿ ಅಲುಗುತ್ತದೆ. ಡಿಸೆಂಬರಿನ ಲೂಪಿಗೂ ಮೇ ತಿಂಗಳ ಸ್ಟ್ರೇನಿಗೂ ಜೋಡಿ ಕಟ್ಟಬೇಡಿ, ಎಣ್ಣೆಯ ಶಾಖವನ್ನು ಪ್ರತಿ ಸಲ ಬರೆಯಿರಿ.

ಗೆರೆ ನೇರವಾಗಿರದೆ ಮೇಲಿನ ತುದಿಯಲ್ಲಿ ಬಾಗಿದರೆ, ದೊಡ್ಡ ಕ್ಷೇತ್ರ ರಿಲ್ಯಾಕ್ಸರನ್ನು ಫೆರೋಎಲೆಕ್ಟ್ರಿಕ್ ಸ್ಥಿತಿಗೆ ತಳ್ಳುತ್ತಿದೆ, ಆ ಸ್ಟ್ರೇನೆಲ್ಲ ಎಲೆಕ್ಟ್ರೋಸ್ಟ್ರಿಕ್ಷನ್ ಅಲ್ಲ. ಡಿ33 ಮೀಟರ್ (ಪೀಜೋ ಗುಣ ಅಳೆಯುವ ಉಪಕರಣ) ಸಿಕ್ಕರೆ ಅಳತೆ ಮುಗಿದ ಪೆಲೆಟ್ಟನ್ನು ಹಿಡಿದು ನೋಡಿ, ಸೊನ್ನೆಯ ಹತ್ತಿರ ನಿಲ್ಲದಿದ್ದರೆ ಅನುಮಾನ ನಿಜ. ಆಗ ಎಸ್‌ಟಿಯನ್ನು 35 ಪಾಲಿಗೆ ಏರಿಸಿ: 1% ಹೆಚ್ಚುವರಿ ಸೇರಿಸಿ ಬಿಸ್ಮತ್ ಆಕ್ಸೈಡ್ 7.648, ಸೋಡಿಯಂ ಕಾರ್ಬೊನೇಟ್ 1.722, ಸ್ಟ್ರಾನ್ಷಿಯಂ ಕಾರ್ಬೊನೇಟ್ 5.167, ಟೈಟಾನಿಯಂ ಡೈಆಕ್ಸೈಡ್ 7.987 ಗ್ರಾಂ. ಇದಕ್ಕೆ ಕ್ಯಾಲ್ಸಿನೇಶನ್ನಿನಲ್ಲಿ ಇಳಿಯಬೇಕಾದ ತೂಕ 10%.